ತೆರಿಗೆ ಕಟ್ಟುವವರೇ ಬೆಲೆ ಕಟ್ಟುವವರನ್ನು ಆರಿಸುವ ಊರುಗಳು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ವರ್ಮಾಂಟ್ ಅಂತ ಒಂದು ಪುಟ್ಟ ರಾಜ್ಯವಿದೆ. 2020ರ ಜನಗಣತಿ ಪ್ರಕಾರ ಇಡೀ ರಾಜ್ಯದ ಜನಸಂಖ್ಯೆ ಸುಮಾರು 6.43 ಲಕ್ಷ. ಅಲ್ಲಿನ ಹೆಚ್ಚಿನ ಊರುಗಳಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರದ ಹೊತ್ತಿಗೆ ಊರಸಭೆ ಸೇರುತ್ತದೆ. ಟೌನ್ ಮೀಟಿಂಗ್ ಎನ್ನುತ್ತಾರೆ. ಈ ವರ್ಷ ರಸ್ತೆಗೆ ಎಷ್ಟು ಖರ್ಚು ಮಾಡೋಣ, ಹಿಮ ತೆಗೆಯಲು ಹೊಸ ಲಾರಿ ಬೇಕಾ, ಗ್ರಂಥಾಲಯಕ್ಕೆ ಎಷ್ಟು ಕೊಡೋಣ, ಎಲ್ಲವನ್ನೂ ಊರಿನ ಮತದಾರರೇ ತೀರ್ಮಾನ ಮಾಡುತ್ತಾರೆ. ಅದೇ ಸಭೆಯಲ್ಲಿ ಇನ್ನೊಂದು ಆಯ್ಕೆಯೂ ನಡೆಯುತ್ತದೆ. ಊರಿನ ಪ್ರತಿ ಮನೆ, ಪ್ರತಿ ಜಮೀನು, ಪ್ರತಿ ಅಂಗಡಿಗೆ ತೆರಿಗೆಗಾಗಿ ಬೆಲೆ ಕಟ್ಟುವವರ ಆಯ್ಕೆ ಅದು. ಇವರನ್ನು ಅಲ್ಲಿ ಲಿಸ್ಟರ್ ಎಂದು ಕರೆಯುತ್ತಾರೆ. ಬೇರೆ ರಾಜ್ಯಗಳಲ್ಲಿ ಇದೇ ಕೆಲಸ ಮಾಡುವವರು ಅಸೆಸರ್.

ಸಾಮಾನ್ಯವಾಗಿ ಊರಿಗೆ ಮೂವರು ಲಿಸ್ಟರ್‌ಗಳು. ಅವಧಿ ಮೂರು ವರ್ಷ. ವರ್ಷಕ್ಕೊಬ್ಬರ ಸರದಿ ಮುಗಿಯುತ್ತದೆ, ಹಾಗಾಗಿ ಪ್ರತಿ ವರ್ಷವೂ ಒಬ್ಬರನ್ನು ಆರಿಸಬೇಕು. ಕೆಲವು ಊರುಗಳಲ್ಲಿ ಸಭೆಯಲ್ಲೇ ಹೆಸರು ಸೂಚಿಸಿ ಅಲ್ಲೇ ಆರಿಸುತ್ತಾರೆ. ಇನ್ನು ಕೆಲವು ಕಡೆ ಚೀಟಿ ಹಾಕುವ ಗುಪ್ತ ಮತದಾನ. ಚುನಾವಣೆಗೆ ನಿಲ್ಲಲು ಯಾವ ಪರೀಕ್ಷೆಯನ್ನೂ ಪಾಸು ಮಾಡಿರಬೇಕೆಂದಿಲ್ಲ. ರೈತರು, ನಿವೃತ್ತ ಶಿಕ್ಷಕರು, ಬಡಗಿಗಳು ಯಾರು ಬೇಕಾದರೂ ನಿಲ್ಲಬಹುದು. ಗೆದ್ದ ಮೇಲೆ ಪ್ರಮಾಣವಚನ ತೆಗೆದುಕೊಳ್ಳಬೇಕು: ಯಾರಿಗೂ ಭೇದ ಮಾಡದೆ, ಮಾರುಕಟ್ಟೆಯ ನ್ಯಾಯವಾದ ಬೆಲೆಯನ್ನೇ ಬರೆಯುತ್ತೇನೆ ಅಂತ.

ಕೇಳಲು ಸರಳ. ಆದರೆ ಆರಿಸುವ ನಾವೇ ತೆರಿಗೆ ಕಟ್ಟುವವರು. ನಮಗೆ ಕಡಿಮೆ ತೆರಿಗೆ ಬೇಕು. ಅವರಿಗೆ ನಮ್ಮ ವೋಟು ಬೇಕು. ಹಾಗಿದ್ದರೆ ಎಲ್ಲರ ಮನೆಗೂ ಕಡಿಮೆ ಬೆಲೆ ಬರೆದುಬಿಟ್ಟರೆ ಎಲ್ಲರೂ ಖುಷಿ, ಅಲ್ವಾ?

ಇಲ್ಲ. ಈ ವಿಷಯದಲ್ಲಿ ಜಾಸ್ತಿ ಜನ ತಪ್ಪು ತಿಳಿಯುವುದು ಇಲ್ಲೇ. ಅಮೆರಿಕದಲ್ಲಿ ಮನೆ ಕೊಂಡಿರುವ ನಮ್ಮ ಕನ್ನಡಿಗರಲ್ಲೂ ಅನೇಕರು "ಅಸೆಸರ್ ಬೆಲೆ ಏರಿಸಿದರು, ಅದಕ್ಕೇ ತೆರಿಗೆ ಏರಿತು" ಅಂತಲೇ ನಂಬಿದ್ದಾರೆ. ಊರು ಒಟ್ಟು ಎಷ್ಟು ತೆರಿಗೆ ಎತ್ತಬೇಕು ಅನ್ನುವುದನ್ನು ಬೆಲೆ ಕಟ್ಟುವವರು ತೀರ್ಮಾನಿಸುವುದೇ ಇಲ್ಲ. ಅದನ್ನು ತೀರ್ಮಾನಿಸುವುದು ಬಜೆಟ್. ಬಜೆಟ್ ಪಾಸು ಮಾಡುವುದು ಊರಸಭೆ. ಬೆಲೆ ಕಟ್ಟುವವರ ಕೆಲಸ ಆ ಒಟ್ಟು ಮೊತ್ತದಲ್ಲಿ ಯಾರ ಪಾಲು ಎಷ್ಟು ಅಂತ ಹಂಚುವುದು. ನಮ್ಮ ಊರಹಬ್ಬದ ವಂತಿಗೆ ಹೇಗೋ ಹಾಗೆ. ಖರ್ಚು ಇಷ್ಟು ಅಂತ ಮೊದಲೇ ಗೊತ್ತಾಗಿರುತ್ತದೆ. ಒಬ್ಬರ ಪಾಲು ಇಳಿಸಿದರೆ ಇನ್ನೊಬ್ಬರ ಪಾಲು ಏರಲೇಬೇಕು.

ಲೆಕ್ಕ ಹಾಕಿಯೇ ನೋಡೋಣ. ಸುಲಭವಾಗಲಿ ಅಂತ ಒಂದು ಊರಲ್ಲಿ ಮೂರೇ ಮನೆ ಇವೆ ಎಂದುಕೊಳ್ಳಿ. ಊರಿನ ಖರ್ಚಿಗೆ 12,000 ಡಾಲರ್ ಬೇಕು. ಹಳೆಯ ಪಟ್ಟಿಯಲ್ಲಿ ಮೊದಲ ಮನೆಗೆ 1 ಲಕ್ಷ ಡಾಲರ್, ಎರಡನೆಯದಕ್ಕೆ 2 ಲಕ್ಷ, ಕೆರೆ ದಂಡೆಯ ಮೂರನೆಯದಕ್ಕೆ 3 ಲಕ್ಷ ಅಂತ ಬರೆದಿದೆ. ಒಟ್ಟು 6 ಲಕ್ಷ. 12,000ವನ್ನು 6 ಲಕ್ಷದಿಂದ ಭಾಗಿಸಿದರೆ ಪ್ರತಿ 100 ಡಾಲರ್ ಬೆಲೆಗೆ 2 ಡಾಲರ್ ತೆರಿಗೆ. ಮೂರು ಮನೆಯವರೂ ಕ್ರಮವಾಗಿ 2,000, 4,000 ಮತ್ತು 6,000 ಕಟ್ಟುತ್ತಾರೆ.

ಹಲವು ವರ್ಷ ಕಳೆಯಿತು. ಈಗ ಮೊದಲ ಮನೆಯ ನಿಜವಾದ ಬೆಲೆ 2 ಲಕ್ಷ, ಎರಡನೆಯದು 3 ಲಕ್ಷ. ಕೆರೆ ದಂಡೆಯದಕ್ಕೆ ಬೇಡಿಕೆ ವಿಪರೀತ, ಅದು 7 ಲಕ್ಷ. ಲಿಸ್ಟರ್‌ಗಳು ಮನೆಮನೆಗೆ ಹೋಗಿ ಅಳೆದು ನೋಡಿ ಹೊಸ ಬೆಲೆ ಬರೆದರು. ಒಟ್ಟು 12 ಲಕ್ಷ ಆಯಿತು. ಊರಿನ ಖರ್ಚು ಮಾತ್ರ ಅದೇ 12,000. ಈಗ 100ಕ್ಕೆ 1 ಡಾಲರ್ ಸಾಕು. ಮೊದಲ ಮನೆಯ ಬೆಲೆ ಎರಡರಷ್ಟಾಯಿತು, ತೆರಿಗೆ ಅದೇ 2,000. ಎರಡನೆಯವರ ಮನೆ ಬೆಲೆ 1 ಲಕ್ಷ ಏರಿತು, ತೆರಿಗೆ 4,000ದಿಂದ 3,000ಕ್ಕೆ ಇಳಿಯಿತು. ಕೆರೆ ದಂಡೆಯವರು 6,000 ಬದಲು 7,000 ಕಟ್ಟಬೇಕು.

ಎರಡನೆಯ ಮನೆಯವರ ಬಗ್ಗೆ ಸ್ವಲ್ಪ ಯೋಚಿಸಿ. ಪಟ್ಟಿ ಹಳೆಯದಾಗುತ್ತಾ ಹೋದಂತೆ ಅವರು ಪ್ರತಿ ವರ್ಷ ಕೆರೆ ದಂಡೆಯವರ ಪಾಲನ್ನೂ ತಮಗೆ ಗೊತ್ತಿಲ್ಲದೆ ಕಟ್ಟುತ್ತಾ ಬಂದಿದ್ದರು. ಅವರಿಗೆ ನೋಟಿಸ್ ಬಂದಿಲ್ಲ, ಬೆಲೆ ಬದಲಾಗಿಲ್ಲ, ಹಾಗಾಗಿ ಎಲ್ಲವೂ ಸರಿಯಿದೆ ಅಂತ ಅವರು ಅಂದುಕೊಂಡಿದ್ದರು. ಹೊಸ ಬೆಲೆಯ ನೋಟಿಸ್ ಬಂದ ದಿನ ಬಹುಶಃ ಅವರೇ ಮೊದಲು ಸಿಟ್ಟಾಗುತ್ತಾರೆ, "ಒಂದು ಲಕ್ಷ ಏರಿಸಿದ್ದೀರಲ್ಲ" ಅಂತ. ಏಕೆಂದರೆ ಬೆಲೆಯ ನೋಟಿಸ್ ಮೊದಲು ಬರುತ್ತದೆ. ತೆರಿಗೆ ದರ ಇಳಿದದ್ದು ಗೊತ್ತಾಗುವುದು ಆಮೇಲೆ, ಬಿಲ್ಲು ಬಂದಾಗ.

ಈ ಚುನಾವಣೆಯ ನಿಜವಾದ ಕಷ್ಟ ಇಲ್ಲಿದೆ. ಏನೂ ಮಾಡದೆ ಹಳೆಯ ಪಟ್ಟಿಯನ್ನೇ ಮುಂದುವರಿಸುವ ಲಿಸ್ಟರ್‌ನನ್ನು ಯಾರೂ ಬೈಯುವುದಿಲ್ಲ. ಊರಲ್ಲಿ ಎಲ್ಲರಿಗೂ ಆತ ಒಳ್ಳೆಯವನೇ. ಮನೆಮನೆಗೆ ಹೋಗಿ, ಹೊಸ ಕೋಣೆ ಕಟ್ಟಿದ್ದು, ನೆಲಮಾಳಿಗೆಯನ್ನು ವಾಸಕ್ಕೆ ಸಜ್ಜು ಮಾಡಿದ್ದು ಎಲ್ಲವನ್ನೂ ನೋಡಿ ಸರಿಯಾದ ಬೆಲೆ ಬರೆದವರು ಮಾತ್ರ ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಜನರ ಸಿಟ್ಟು ಎದುರಿಸಬೇಕು. ಕೆಲವೇ ನೂರು ಜನರ ಊರಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಮತದಾರರಿಗೆ ಮೇಲಿನ ಲೆಕ್ಕ ಗೊತ್ತಿಲ್ಲದಿದ್ದರೆ ಚುನಾವಣೆಯಲ್ಲಿ ಗೆಲ್ಲುವುದು ಸುಮ್ಮನಿದ್ದವರು. ನನಗೆ ಈ ವಿಷಯದ ಬಗ್ಗೆ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಸುಮ್ಮನಿರುವುದು ಕೂಡ ಒಂದು ತೀರ್ಮಾನ. ಅದರ ಹೊರೆ ಬೀಳುವುದು ಬೆಲೆ ಹೆಚ್ಚು ಏರದ ಮನೆಗಳಲ್ಲಿ ಇರುವವರ ಮೇಲೆ. ಅವರು ಸಾಮಾನ್ಯವಾಗಿ ಊರಿನ ಸಾಧಾರಣ ಸ್ಥಿತಿಯ ಜನ.

ಹಾಗಾದರೆ ಇಂಥ ಕೆಲಸಕ್ಕೆ ಚುನಾವಣೆ ಯಾಕಿಟ್ಟರು? ನ್ಯೂ ಇಂಗ್ಲೆಂಡ್ ಎಂದು ಕರೆಯುವ ಆ ಭಾಗದಲ್ಲಿ ಊರೇ ಸರ್ಕಾರದ ಮೊದಲ ರೂಪ. ತೆರಿಗೆ ಅನ್ನುವುದು ದೂರದ ದೊರೆಯ ಕೈಯಲ್ಲಿ ಇರಬಾರದು, ನಮ್ಮ ಪಕ್ಕದ ಮನೆಯವರ ಕೈಯಲ್ಲೇ ಇರಬೇಕು ಅನ್ನುವುದು ಅಲ್ಲಿನ ಹಳೆಯ ನಂಬಿಕೆ. ಅದರಲ್ಲಿ ಅರ್ಥವೂ ಇದೆ. ಯಾವ ಜಮೀನು ವಸಂತದಲ್ಲಿ ಕೆಸರಾಗುತ್ತದೆ, ಯಾವ ಮನೆಯ ಅಡಿಪಾಯ ಕುಸಿದಿದೆ, ಯಾವ ರಸ್ತೆಗೆ ಚಳಿಗಾಲದಲ್ಲಿ ಗಾಡಿ ಹೋಗುವುದಿಲ್ಲ, ಇದೆಲ್ಲ ಊರಿನವರಿಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ.

ಬರೀ ಊರಿನವರ ಮೇಲೆ ಬಿಟ್ಟರೆ ಏನಾಗುತ್ತದೆ ಅನ್ನುವುದೂ ರಾಜ್ಯಕ್ಕೆ ಗೊತ್ತು. ಹಾಗಾಗಿ ವರ್ಮಾಂಟ್‌ನಲ್ಲಿ ಮೇಲಿಂದ ಒಂದು ತನಿಖೆ ಇದೆ. ಅದಕ್ಕೆ ಕಾರಣವಾದದ್ದು ಶಾಲೆ.

1997ರವರೆಗೆ ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದಲೇ ಬರುತ್ತಿತ್ತು. ಸ್ಕೀ ರೆಸಾರ್ಟ್ ಇರುವ ಊರುಗಳಲ್ಲಿ ಕೋಟಿಗಟ್ಟಲೆ ಡಾಲರ್ ಆಸ್ತಿ, ಮಕ್ಕಳು ಕಡಿಮೆ. ಅಲ್ಲಿ ಚೂರು ತೆರಿಗೆ ಹಾಕಿದರೂ ಶಾಲೆಗೆ ಧಾರಾಳ ದುಡ್ಡು. ಹೊಲ, ಹಳೆಯ ಮನೆಗಳಷ್ಟೇ ಇರುವ ಊರಿನವರು ಎಷ್ಟು ತೆರಿಗೆ ಕಟ್ಟಿದರೂ ಸಾಲದು. ವೈಟಿಂಗ್ ಅನ್ನುವ ಸಣ್ಣ ಊರಿನ ಶಾಲಾ ಬಾಲಕಿ ಅಮಾಂಡಾ ಬ್ರಿಗಮ್ ಹೆಸರಲ್ಲಿ ನಡೆದ ಮೊಕದ್ದಮೆಯಲ್ಲಿ 1997ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಈ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧ ಎಂದಿತು. ಅದೇ ವರ್ಷ ಆಕ್ಟ್ 60 ಅನ್ನುವ ಕಾನೂನು ಬಂತು. ಶಾಲೆಯ ತೆರಿಗೆ ಇಡೀ ರಾಜ್ಯದ ಲೆಕ್ಕಕ್ಕೆ ಸೇರಿತು. ಶ್ರೀಮಂತ ಊರುಗಳಿಗೆ ಇದು ಸಿಟ್ಟು ತರಿಸಿತು. ಸ್ಕೀ ಊರಾದ ಕಿಲ್ಲಿಂಗ್ಟನ್ 2004ರ ಊರಸಭೆಯಲ್ಲಿ ವರ್ಮಾಂಟ್ ಬಿಟ್ಟು ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ಸೇರುತ್ತೇವೆ ಅಂತ ಮತ ಹಾಕಿತು. ಆ ಊರಿನ ಗಡಿ ನ್ಯೂ ಹ್ಯಾಂಪ್‌ಶೈರ್‌ಗೆ ತಾಗುವುದೇ ಇಲ್ಲ! ಅದು ಆಗಲೂ ಇಲ್ಲ. ತೆರಿಗೆಯ ಪಾಲು ಬದಲಾದರೆ ಜನ ಎಲ್ಲಿಯವರೆಗೆ ಹೋಗುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ರಾಜ್ಯವೇ ಶಾಲೆಯ ತೆರಿಗೆ ದರ ನಿಗದಿ ಮಾಡಿದ ಮೇಲೆ ಹೊಸದೊಂದು ಪ್ರಶ್ನೆ ಹುಟ್ಟಿತು. ಒಂದು ಊರಿನ ಲಿಸ್ಟರ್‌ಗಳು ಎಲ್ಲ ಮನೆಗೂ ಅರ್ಧ ಬೆಲೆ ಬರೆದರೆ ಆ ಊರು ರಾಜ್ಯಕ್ಕೆ ಅರ್ಧ ತೆರಿಗೆಯಷ್ಟೇ ಕಟ್ಟುತ್ತದಲ್ಲವೇ? ಇದನ್ನು ತಡೆಯಲು ರಾಜ್ಯದವರು ಪ್ರತಿ ಊರಲ್ಲೂ ಮೂರು ವರ್ಷದಲ್ಲಿ ನಿಜವಾಗಿ ಮಾರಾಟವಾದ ಆಸ್ತಿಗಳ ಬೆಲೆಯನ್ನು ಪಟ್ಟಿಯ ಬೆಲೆಯ ಜೊತೆ ಹೋಲಿಸುತ್ತಾರೆ. ಪಟ್ಟಿಯ ಬೆಲೆ ಮಾರುಕಟ್ಟೆ ಬೆಲೆಯ ಶೇಕಡಾ ಎಷ್ಟು ಅನ್ನುವ ಒಂದು ಅಂಕಿ ಸಿಗುತ್ತದೆ. ಅದಕ್ಕೆ ಸಿಎಲ್‌ಎ ಅನ್ನುತ್ತಾರೆ. ನಮ್ಮ ಮೂರು ಮನೆಯ ಊರಲ್ಲಿ ಹಳೆಯ ಪಟ್ಟಿ 6 ಲಕ್ಷ, ನಿಜ ಬೆಲೆ 12 ಲಕ್ಷ. ಸಿಎಲ್‌ಎ ಶೇ. 50. ಆಗ ರಾಜ್ಯದ ದರ 100ಕ್ಕೆ 1 ಡಾಲರ್ ಇದ್ದರೆ ಈ ಊರಿಗೆ ಅದು 2 ಡಾಲರ್ ಆಗುತ್ತದೆ. ಎಲ್ಲರಿಗೂ ಕಡಿಮೆ ಬರೆದು ರಾಜ್ಯವನ್ನು ವಂಚಿಸುವ ದಾರಿ ಅಲ್ಲಿಗೆ ಬಂದ್.

ಈ ಅಂಕಿ ಊರು ಊರಿನ ನಡುವಿನ ಅನ್ಯಾಯವನ್ನು ಸರಿಮಾಡುತ್ತದೆ. ಊರಿನ ಒಳಗೆ ಒಂದು ಮನೆಗೂ ಇನ್ನೊಂದು ಮನೆಗೂ ಇರುವ ಅನ್ಯಾಯವನ್ನು ಅದು ಮುಟ್ಟುವುದೇ ಇಲ್ಲ. ಮೊದಲ ಮನೆ ನಿಜ ಬೆಲೆಯ ಶೇ. 50ಕ್ಕೆ, ಎರಡನೆಯದು ಸುಮಾರು ಶೇ. 67ಕ್ಕೆ, ಕೆರೆ ದಂಡೆಯದು ಸುಮಾರು ಶೇ. 43ಕ್ಕೆ ಪಟ್ಟಿಯಲ್ಲಿವೆ. ಈ ಏರುಪೇರು ಎಷ್ಟು ಅಂತ ಹೇಳಲು ಇನ್ನೊಂದು ಅಂಕಿ ಇದೆ, ಸಿಓಡಿ. ಶೇಕಡಾಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದರಿಂದ (ಇಲ್ಲಿ 50) ಮನೆಗಳು ಸರಾಸರಿ ಎಷ್ಟು ದೂರ ಇವೆ, ಆ ದೂರ ನಡುವಿನ ಅಂಕಿಯ ಶೇಕಡಾ ಎಷ್ಟು ಅನ್ನುವ ಲೆಕ್ಕ. ನಮ್ಮ ಊರಿಗೆ ಅದು ಸುಮಾರು 16 ಬರುತ್ತದೆ. ಎಲ್ಲರಿಗೂ ಒಂದೇ ಅಳತೆ ಇದ್ದರೆ ಸೊನ್ನೆ ಬರುತ್ತಿತ್ತು. ಸಿಓಡಿ ಹೆಚ್ಚಿದಷ್ಟೂ ಊರಿನ ಪಟ್ಟಿಯಲ್ಲಿ ಅನ್ಯಾಯ ಹೆಚ್ಚಿದೆ ಅಂತ ಅರ್ಥ. ನಿಮ್ಮ ಊರಿನ ಲಿಸ್ಟರ್‌ಗಳ ಕೆಲಸ ಹೇಗಿದೆ ಅಂತ ತಿಳಿಯಲು ಒಂದೇ ಅಂಕಿ ನೋಡುವುದಾದರೆ ನಾನು ಇದನ್ನೇ ನೋಡಿ ಎನ್ನುತ್ತೇನೆ.

ಸಿಎಲ್‌ಎ 85ಕ್ಕಿಂತ ಕೆಳಗೆ ಇಳಿದರೆ, ಅಥವಾ ಸಿಓಡಿ 20 ದಾಟಿದರೆ, ಇಡೀ ಊರಿಗೆ ಹೊಸದಾಗಿ ಬೆಲೆ ಕಟ್ಟಿ ಅಂತ ರಾಜ್ಯ ಆದೇಶ ಕೊಡುತ್ತಿತ್ತು. 2020ರ ನಂತರ ಕೋವಿಡ್ ಕಾಲದಲ್ಲಿ ದೊಡ್ಡ ನಗರಗಳ ಜನ ಹಳ್ಳಿಗಾಡಿನಲ್ಲಿ ಮನೆ ಕೊಳ್ಳಲು ಶುರುಮಾಡಿದರು. ಬೆಲೆ ಸರಸರ ಏರಿತು. ಪಟ್ಟಿಗಳೆಲ್ಲ ಒಮ್ಮೆಲೇ ಹಳೆಯದಾದವು. ಊರೂರಿಗೂ ಆದೇಶ ಹೋಯಿತು. ಈ ಕೆಲಸ ಮಾಡಬಲ್ಲ ಕಂಪನಿಗಳು ಕೆಲವೇ ಇದ್ದದ್ದರಿಂದ ಸರದಿಗೆ ವರ್ಷಗಟ್ಟಲೆ ಕಾಯುವ ಸ್ಥಿತಿ ಬಂತು. ಆಮೇಲೆ 2023ರ ಕಾನೂನು ಆರು ವರ್ಷಕ್ಕೊಮ್ಮೆ ಹೊಸದಾಗಿ ಬೆಲೆ ಕಟ್ಟುವ ಪದ್ಧತಿಯತ್ತ ಹೊರಳಿತು. 2025ರ ಶಿಕ್ಷಣ ಕಾನೂನಿನಲ್ಲಿ ಹಲವು ಊರುಗಳನ್ನು ಸೇರಿಸಿ ಒಟ್ಟಿಗೆ ಬೆಲೆ ಕಟ್ಟುವ ಪ್ರಾದೇಶಿಕ ವ್ಯವಸ್ಥೆಯ ದಾರಿಯನ್ನೂ ಹಾಕಿದ್ದಾರೆ.

ಅಂದರೆ ಚುನಾಯಿತ ಲಿಸ್ಟರ್‌ಗಳ ಕಾಲ ಮೆಲ್ಲಗೆ ಸರಿಯುತ್ತಿದೆ. ಈಗಲೇ ಹಲವು ಊರುಗಳಲ್ಲಿ ಚುನಾವಣೆಗೆ ಯಾರೂ ನಿಲ್ಲುವುದಿಲ್ಲ. ಆಗ ಊರಿನ ಆಡಳಿತ ನಡೆಸುವ ಸೆಲೆಕ್ಟ್‌ಬೋರ್ಡ್ ಯಾರನ್ನಾದರೂ ಮುಂದಿನ ಸಭೆಯವರೆಗೆ ನೇಮಿಸುತ್ತದೆ. ಲಿಸ್ಟರ್ ಹುದ್ದೆಯನ್ನೇ ತೆಗೆದುಹಾಕಿ ಸಂಬಳದ ಅಸೆಸರ್ ಇಡೋಣ ಅಂತ ಊರಸಭೆ ಮತ ಹಾಕಲೂ ಕಾನೂನಿನಲ್ಲಿ ಅವಕಾಶವಿದೆ. ನ್ಯೂಯಾರ್ಕ್ ರಾಜ್ಯ 1970ರ ಸುಧಾರಣೆಯ ನಂತರವೇ ಆ ಕಡೆ ಹೊರಟಿತು. ಈಗ ಅಲ್ಲಿನ ಹೆಚ್ಚಿನ ಊರುಗಳಲ್ಲಿ ಆರು ವರ್ಷದ ಅವಧಿಗೆ ನೇಮಕವಾದ ಒಬ್ಬರೇ ಅಸೆಸರ್. ಕೆಲವು ಊರುಗಳು ಮಾತ್ರ ಮೂವರನ್ನು ಆರಿಸುವ ಹಳೆಯ ಪದ್ಧತಿ ಬಿಟ್ಟಿಲ್ಲ. ನ್ಯೂ ಹ್ಯಾಂಪ್‌ಶೈರ್‌ನ ಅನೇಕ ಊರುಗಳಲ್ಲಿ ಆಡಳಿತ ಸಮಿತಿಯವರೇ ಈ ಹೊಣೆಯನ್ನೂ ಹೊರುತ್ತಾರೆ.

ಈ ಭಾಗದಲ್ಲಿ ನಮ್ಮ ಕನ್ನಡಿಗರು ಹೆಚ್ಚಾಗಿ ನೆಲೆಸಿರುವುದು ಪಕ್ಕದ ಮ್ಯಾಸಚೂಸೆಟ್ಸ್‌ನಲ್ಲಿ, ಬಾಸ್ಟನ್ ಸುತ್ತಮುತ್ತಲಿನ ಊರುಗಳಲ್ಲಿ. ಅಲ್ಲಿ ಅಸೆಸರ್‌ಗಳ ಮಂಡಳಿ ಕೆಲವು ಊರುಗಳಲ್ಲಿ ಚುನಾಯಿತ, ಕೆಲವು ಕಡೆ ನೇಮಕ. 1974ರಲ್ಲಿ ಸಡ್‌ಬರಿ ಊರಿನ ಮೊಕದ್ದಮೆಯಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಪೂರ್ತಿ ಮಾರುಕಟ್ಟೆ ಬೆಲೆಯನ್ನೇ ಬರೆಯಬೇಕು, ಅದನ್ನು ರಾಜ್ಯ ಜಾರಿಮಾಡಬೇಕು ಎಂದಿತು. ಈಗ ಐದು ವರ್ಷಕ್ಕೊಮ್ಮೆ ರಾಜ್ಯದ ಕಂದಾಯ ಇಲಾಖೆ ಊರಿನ ಬೆಲೆಗಳನ್ನು ಪರಿಶೀಲಿಸಿ ಒಪ್ಪಬೇಕು. 1980ರಲ್ಲಿ ಜನರೇ ಮತ ಹಾಕಿ ತಂದ ಪ್ರಪೊಸಿಷನ್ ಎರಡೂವರೆ ಅನ್ನುವ ಕಾನೂನು ಇನ್ನೊಂದು ಕಡೆಯಿಂದ ಕಟ್ಟುಹಾಕುತ್ತದೆ. ಊರು ಎತ್ತುವ ಒಟ್ಟು ತೆರಿಗೆಯ ಮಿತಿ ವರ್ಷಕ್ಕೆ ಶೇ. 2.5ರಷ್ಟು ಮಾತ್ರ ಏರಬಹುದು, ಜೊತೆಗೆ ಹೊಸ ಕಟ್ಟಡಗಳಿಂದ ಬರುವ ತೆರಿಗೆ. ಅದಕ್ಕಿಂತ ಹೆಚ್ಚು ಬೇಕಾದರೆ ಮತದಾರರನ್ನೇ ಕೇಳಬೇಕು. ಹಾಗಾಗಿ ಮನೆ ಬೆಲೆ ಒಂದೇ ವರ್ಷದಲ್ಲಿ ಶೇ. 15 ಏರಿದರೂ ಊರಿನ ಒಟ್ಟು ತೆರಿಗೆ ಹಾಗೆ ಏರಲು ಸಾಧ್ಯವೇ ಇಲ್ಲ. ಬೆಲೆ ಮತ್ತು ತೆರಿಗೆ ಬೇರೆ ಬೇರೆ ಅನ್ನುವುದಕ್ಕೆ ಇದು ಸ್ಪಷ್ಟ ಪುರಾವೆ.

ದೊಡ್ಡ ಊರಿನ ಒಂದು ಕಥೆಯನ್ನೂ ಇಲ್ಲಿ ಹೇಳಬೇಕು. ಸಣ್ಣ ಊರಿಗೂ ಅದರಲ್ಲಿ ಪಾಠ ಇದೆ. ಷಿಕಾಗೊ ನಗರ ಸೇರಿರುವ ಕುಕ್ ಕೌಂಟಿಯಲ್ಲಿ ಅಸೆಸರ್ ಚುನಾಯಿತ ಹುದ್ದೆ. 2017ರಲ್ಲಿ ಷಿಕಾಗೊ ಟ್ರಿಬ್ಯೂನ್ ಮತ್ತು ಪ್ರೊಪಬ್ಲಿಕಾ ಇಲಿನಾಯ್ ಪತ್ರಕರ್ತರು ಅಲ್ಲಿನ ಲೆಕ್ಕ ತೆಗೆದರು. ಅಗ್ಗದ ಮನೆಗಳಿಗೆ ನಿಜ ಬೆಲೆಗಿಂತ ಜಾಸ್ತಿ, ದುಬಾರಿ ಮನೆಗಳಿಗೆ ಕಡಿಮೆ ಬೆಲೆ ಬರೆದಿರುವುದು ಕಂಡಿತು. ಬಡವರ ಬಡಾವಣೆಯವರು ಶ್ರೀಮಂತರ ಪಾಲಿನ ತೆರಿಗೆ ಕಟ್ಟುತ್ತಿದ್ದರು. ಮೇಲ್ಮನವಿಯಿಂದಲೂ ಅದು ಸರಿಹೋಗಲಿಲ್ಲ, ಏಕೆಂದರೆ ವಕೀಲರನ್ನು ಇಟ್ಟು ಮೇಲ್ಮನವಿ ಹಾಕುವವರಲ್ಲಿ ಉಳ್ಳವರೇ ಹೆಚ್ಚು. ಆಗಿನ ಅಸೆಸರ್ ಜೋಸೆಫ್ ಬೆರಿಯಾಸ್ ಅವರ ಚುನಾವಣಾ ನಿಧಿಗೆ ಆಸ್ತಿ ತೆರಿಗೆ ವಕೀಲರಿಂದ ದೇಣಿಗೆ ಬರುತ್ತಿತ್ತು. 2018ರ ಮಾರ್ಚ್‌ನಲ್ಲಿ ಪಕ್ಷದೊಳಗಿನ ಚುನಾವಣೆಯಲ್ಲಿ ಬೆರಿಯಾಸ್ ಅವರು ಫ್ರಿಟ್ಜ್ ಕೇಗಿ ಎದುರು ಸೋತರು. ಜನರಿಗೆ ಲೆಕ್ಕ ತಿಳಿಯದಿದ್ದಾಗ ಅದೇ ಚುನಾವಣೆ ವರ್ಷಾನುಗಟ್ಟಲೆ ಅನ್ಯಾಯಕ್ಕೆ ಮುದ್ರೆ ಒತ್ತಿತ್ತು. ಲೆಕ್ಕ ತಿಳಿದ ಮೇಲೆ ಅದೇ ಚುನಾವಣೆ ಬದಲಾವಣೆ ತಂದಿತು.

ಕರ್ನಾಟಕದಲ್ಲಿ ಈ ಹುದ್ದೆಗೆ ಚುನಾವಣೆಯೇ ಇಲ್ಲ. ಬೆಂಗಳೂರಿನಲ್ಲಿ 2008ರಿಂದ ಬಡಾವಣೆಗಳನ್ನು ವಲಯಗಳಾಗಿ ವಿಂಗಡಿಸಿ ಚದರಡಿಗೆ ಇಷ್ಟು ಅಂತ ದರ ಇಟ್ಟಿದ್ದಾರೆ. ಮಾಲೀಕರೇ ಅಳತೆ ಹೇಳಿ ಸ್ವಯಂ ಘೋಷಣೆ ಮಾಡುತ್ತಾರೆ. ಉಳಿದ ನಗರಸಭೆ, ಪುರಸಭೆಗಳಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯೇ ಆಧಾರ. ಎರಡರಲ್ಲೂ ಬೆಲೆ ರಸ್ತೆಗೆ, ಬಡಾವಣೆಗೆ ನಿಗದಿಯಾಗುತ್ತದೆ. ಒಬ್ಬೊಬ್ಬರ ಮನೆಯ ಒಳಗೆ ಬಂದು ನೋಡಿ ಬೆಲೆ ಕಟ್ಟುವ ಪಕ್ಕದ ಮನೆಯವರು ನಮ್ಮಲ್ಲಿಲ್ಲ. ಈ ವ್ಯವಸ್ಥೆಗೆ ಒಗ್ಗಿದ ನಮಗೆ ಅಲ್ಲಿನ ಲಿಸ್ಟರ್ ಬಾಗಿಲು ತಟ್ಟಿದಾಗ ಗಾಬರಿಯಾಗುವುದು ಸಹಜ.

ಹಾಗಿದ್ದರೆ ಲಿಸ್ಟರ್ ಚುನಾವಣೆಗೆ ನಿಂತವರನ್ನು ಏನು ಕೇಳಬೇಕು? "ತೆರಿಗೆ ಇಳಿಸುತ್ತೇನೆ" ಅನ್ನುವವರಿಗೆ ದಯವಿಟ್ಟು ವೋಟು ಹಾಕಬೇಡಿ. ಅದು ಆ ಹುದ್ದೆಯ ಕೈಯಲ್ಲಿಲ್ಲ. ಯಾರದೋ ಪಾಲನ್ನು ಇನ್ನಾರದೋ ಮೇಲೆ ಹಾಕುವುದಷ್ಟೇ ಅವರಿಂದ ಸಾಧ್ಯ. ಊರಿನ ಸಿಓಡಿ ಎಷ್ಟಿದೆ, ಕಳೆದ ಸಲ ಹೊಸದಾಗಿ ಬೆಲೆ ಕಟ್ಟಿದ್ದು ಯಾವಾಗ ಅಂತ ಕೇಳಿ. ಕಟ್ಟಡ ಪರವಾನಗಿ ಕೊಟ್ಟ ಮನೆಗಳಿಗೆ ಹೋಗಿ ನೋಡುತ್ತೀರಾ, ರಾಜ್ಯದವರು ನಡೆಸುವ ತರಬೇತಿಗೆ ಹೋಗುತ್ತೀರಾ ಅಂತ ಕೇಳಿ. ತಮ್ಮ ಸ್ವಂತ ಮನೆಯ ಬೆಲೆಯನ್ನು ಇನ್ನಿಬ್ಬರು ನೋಡಲಿ ಅಂತ ಬಿಟ್ಟುಕೊಡುವವರು ಸಿಕ್ಕರೆ ಅವರು ಒಳ್ಳೆಯ ಅಭ್ಯರ್ಥಿ.

ಅಲ್ಲಿರುವ ಅನೇಕ ಕನ್ನಡಿಗರಿಗೆ ವೋಟೇ ಇಲ್ಲ. ವೀಸಾದ ಮೇಲೆ, ಗ್ರೀನ್ ಕಾರ್ಡಿನ ಮೇಲೆ ಇರುವವರು ತೆರಿಗೆ ಕಟ್ಟುತ್ತಾರೆ, ಆದರೆ ಹೆಚ್ಚಿನ ಊರುಗಳಲ್ಲಿ ಮತ ಹಾಕುವಂತಿಲ್ಲ. ವರ್ಮಾಂಟ್‌ನ ಮಾಂಟ್‌ಪೀಲಿಯರ್ ಮತ್ತು ವಿನೂಸ್ಕಿ ನಗರಗಳು ಮಾತ್ರ 2021ರಿಂದ ಕಾನೂನುಬದ್ಧವಾಗಿ ನೆಲೆಸಿದ, ಪೌರತ್ವ ಇಲ್ಲದವರಿಗೂ ಸ್ಥಳೀಯ ಚುನಾವಣೆಯಲ್ಲಿ ಮತದ ಹಕ್ಕು ಕೊಟ್ಟಿವೆ. ಆಮೇಲೆ ಬರ್ಲಿಂಗ್ಟನ್ ಕೂಡ ಸೇರಿತು. ವೋಟು ಇಲ್ಲದಿದ್ದರೂ ತಕರಾರು ಹೇಳುವ ಹಕ್ಕು ಮಾತ್ರ ಆಸ್ತಿಯ ಮಾಲೀಕರೆಲ್ಲರಿಗೂ ಇದೆ. ಅದಕ್ಕೆ ಪೌರತ್ವ ಬೇಕಿಲ್ಲ.

ವರ್ಮಾಂಟ್‌ನಲ್ಲಿ ಬೆಲೆ ಲೆಕ್ಕಕ್ಕೆ ಬರುವ ದಿನ ಏಪ್ರಿಲ್ 1. ಆ ದಿನ ಮನೆ ಹೇಗಿತ್ತೋ ಅದೇ ಲೆಕ್ಕ. ಬೆಲೆ ಬದಲಾದರೆ ನೋಟಿಸ್ ಬರುತ್ತದೆ. ನೋಟಿಸಿನಲ್ಲಿ ಬರೆದ ಗಡುವಿನೊಳಗೆ ಲಿಸ್ಟರ್‌ಗಳಿಗೆ ಲಿಖಿತ ತಕರಾರು ಕೊಡಬೇಕು. "ತೆರಿಗೆ ಜಾಸ್ತಿಯಾಯಿತು" ಅಂತ ಬರೆದರೆ ಉಪಯೋಗವಿಲ್ಲ. ನಿಮ್ಮ ಮನೆಯಂಥದೇ ಮನೆ ಎಷ್ಟಕ್ಕೆ ಮಾರಾಟವಾಗಿದೆ, ನಿಮ್ಮ ಆಸ್ತಿಯ ವಿವರ ಬರೆದಿಟ್ಟ ಕಾರ್ಡಿನಲ್ಲಿ ಕೋಣೆ, ಚದರಡಿ ತಪ್ಪಾಗಿ ಬರೆದಿದ್ದಾರಾ, ಪಕ್ಕದ ಅಂಥದೇ ಮನೆಗೆ ಎಷ್ಟು ಬೆಲೆ ಇದೆ, ಇವೇ ಕೆಲಸಕ್ಕೆ ಬರುವ ವಾದಗಳು. ಊರ ಕಚೇರಿಗೆ ಹೋಗಿ ನಿಮ್ಮ ಆಸ್ತಿಯ ಕಾರ್ಡು ಕೇಳಿದರೆ ತೋರಿಸುತ್ತಾರೆ. ಮೊದಲು ಅದನ್ನು ನೋಡಿ. ಲಿಸ್ಟರ್‌ಗಳು ಒಪ್ಪದಿದ್ದರೆ ಮುಂದಿನದು ಬೋರ್ಡ್ ಆಫ್ ಸಿವಿಲ್ ಅಥಾರಿಟಿ. ಊರಿನ ಸೆಲೆಕ್ಟ್‌ಬೋರ್ಡ್ ಸದಸ್ಯರು, ಟೌನ್ ಕ್ಲರ್ಕ್ ಮತ್ತು ಜಸ್ಟಿಸ್ ಆಫ್ ದಿ ಪೀಸ್ ಅನ್ನುವ ಚುನಾಯಿತ ಸ್ಥಳೀಯ ಅಧಿಕಾರಿಗಳು ಅದರಲ್ಲಿರುತ್ತಾರೆ. ಅವರಲ್ಲಿ ಕನಿಷ್ಠ ಮೂವರ ತಂಡ ನಿಮ್ಮ ಮನೆಗೆ ಬಂದು ನೋಡುತ್ತದೆ. ಆ ತಂಡವನ್ನು ನೀವು ಒಳಗೆ ಬಿಡದಿದ್ದರೆ ಮೇಲ್ಮನವಿಯನ್ನು ವಾಪಸ್ ಪಡೆದಂತೆ ಲೆಕ್ಕ. ಹಾಗಾಗಿ ಬಾಗಿಲು ತೆಗೆಯಿರಿ, ಸೋರುವ ಮಾಳಿಗೆಯನ್ನೂ ಬಿರುಕು ಬಿಟ್ಟ ಗೋಡೆಯನ್ನೂ ತೋರಿಸಿ. ಅಲ್ಲೂ ನ್ಯಾಯ ಸಿಗದಿದ್ದರೆ ರಾಜ್ಯದ ಆಸ್ತಿ ಮೌಲ್ಯಮಾಪನ ವಿಭಾಗದ ನಿರ್ದೇಶಕರಿಗೆ ಅಥವಾ ಸುಪೀರಿಯರ್ ಕೋರ್ಟಿಗೆ ಹೋಗಬಹುದು.